ಶೇಷಪ್ಪನ ಸಂಬಳ ಎಲ್ಲಿ ನಿಂತಿತು?

ಬಣಕಲ್‌ನಿಂದ ಒಳಗೆ ಹೋದರೆ ಹುಲುಸುಗದ್ದೆ ಎಂಬ ಊರು. ಮಾರ್ಚ್ ತಿಂಗಳು. ಮೂರು ದಿನದಿಂದ ಯಾರ ಮನೆಯ ನಲ್ಲಿಯಲ್ಲೂ ನೀರಿಲ್ಲ. ಎರಡು ಎಕರೆ ಕಾಫಿ ತೋಟದ ವಸಂತಮ್ಮ ಹಳ್ಳದಿಂದ ನೀರು ಹೊತ್ತು ಸಾಕಾಗಿ, ಪಂಚಾಯಿತಿಯ ವಾಟರ್‌ಮ್ಯಾನ್ ಶೇಷಪ್ಪನ ಮನೆಗೆ ಹೋದರು. ಆತ ಎಸ್ಟೇಟ್ ಕೆಲಸಕ್ಕೆ ಹೊರಟಿದ್ದ.

"ನೀರು ಬಿಡೋದು ಬಿಟ್ಟು ಎಲ್ಲಿಗೆ ಹೊರಟೆ ಮಾರಾಯ?"

"ಐದು ತಿಂಗಳಿಂದ ಸಂಬಳ ಆಗಿಲ್ಲಮ್ಮ. ಮೆಣಸು ಕೊಯ್ದರೆ ವಾರಕ್ಕೊಮ್ಮೆ ಕೂಲಿ ಸಿಗ್ತದೆ. ಮನೇಲಿ ಅಕ್ಕಿ ತರ್ಬೇಕಲ್ಲ."

ವಸಂತಮ್ಮ ಅವನ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಸೀದಾ ಪಂಚಾಯಿತಿಗೆ ನಡೆದರು. ಅಲ್ಲಿನ ಗ್ರಂಥಾಲಯ ನೋಡಿಕೊಳ್ಳುವ ಪ್ರೇಮಕುಮಾರಿ ಬಾಗಿಲಲ್ಲೇ ಸಿಕ್ಕಿದಳು. ಸರ್ಕಾರ ಪಂಚಾಯಿತಿಗೆ ಕೊಡುವ ಅನುದಾನದ ಹಣ ಬಂದಿಲ್ಲ, ಅದಕ್ಕೇ ಶೇಷಪ್ಪನ ಸಂಬಳ ನಿಂತಿದೆ ಎಂದಳು.

"ಸರ್ಕಾರಕ್ಕೆ ದುಡ್ಡಿಗೇನು ಬರ? ನೋಟು ಪ್ರಿಂಟ್ ಮಾಡೋದೇ ಅವ್ರು," ಎಂದರು ವಸಂತಮ್ಮ.

"ಸುಮ್ನೆ ನೋಟು ಜಾಸ್ತಿ ಮಾಡಿದ್ರೆ ಸಾಮಾನಿನ ರೇಟೂ ಏರ್ತದೆ ವಸಂತಕ್ಕ. ತೆರಿಗೆಯಿಂದ ಬರೋದಕ್ಕಿಂತ ಖರ್ಚು ಜಾಸ್ತಿ ಆದಾಗ ಸರ್ಕಾರ ಸಾಲ ಮಾಡ್ತದೆ. ಆಮೇಲೆ ಬಂದ ದುಡ್ಡಲ್ಲಿ ಬಡ್ಡಿಗೆ ಅಂತ ಎತ್ತಿಡ್ಲೇಬೇಕು. ಉಳಿದದ್ದರಲ್ಲಿ ಎಲ್ಲಾ ಆಗ್ಬೇಕು. ಆಗ ನಮ್ಮಂಥ ಊರಿಗೆ ಅನುದಾನ ತಡ ಆಗ್ತದೆ."

"ಹಾಗಾದ್ರೆ ಸಾಲ ಮಾಡೋದೇ ತಪ್ಪಾ?"

"ನೀವು ಸಾಲ ಮಾಡಿ ತೋಟಕ್ಕೆ ಮೋಟಾರ್ ಹಾಕಿದ್ರಿ. ಬೆಳೆ ಬಂತು, ತೀರಿಸಿದ್ರಿ. ಅದು ತಪ್ಪಲ್ಲ. ದಿನಾ ಸಕ್ಕರೆ, ಬೇಳೆಗೇ ಸಾಲ ಮಾಡಿದ್ರೆ? ಸರ್ಕಾರದ್ದೂ ಹಾಗೇ."

"ದಿಲ್ಲಿಯವ್ರ ಸಾಲ ನಾನು ತೀರಿಸ್ಲಾ ಈಗ?"

"ಅದು ಆಗೋದಲ್ಲ. ಆದ್ರೆ ನೀರಿನ ಕಂದಾಯ ನಮ್ಮ ಪಂಚಾಯಿತೀಲೇ ಉಳಿಯೋ ದುಡ್ಡು, ಶೇಷಪ್ಪನ ಸಂಬಳಕ್ಕೂ ಆಗ್ತದೆ. ಅರವತ್ತೆರಡು ಮನೇಲಿ ಕಟ್ಟಿದ್ದು ಹದಿನೆಂಟೇ ಮನೆಯವ್ರು."

ವಸಂತಮ್ಮ ದನಿ ತಗ್ಗಿಸಿ ಕೇಳಿದರು:

"ನಂದೂ ಬಾಕಿ ಉಂಟಾ?"

"ಎರಡು ವರ್ಷದ್ದು."

ಮಾರನೆಯ ದಿನ ಹಣ ಕಟ್ಟಿ ರಸೀದಿ ಕೈಗೆ ಬಂದ ಮೇಲೆ ಅವರು ಕೇಳಿದರು: "ಇದು ಎಲ್ಲಿಗೆ ಹೋಯ್ತು ಅಂತ ನಂಗೆ ಹೇಳೋರು ಯಾರು?"

"ಗ್ರಾಮಸಭೇಲಿ ಕೇಳಿ. ಹೇಳ್ಲೇಬೇಕು."

ಮುಂದಿನ ಗ್ರಾಮಸಭೆಯಲ್ಲಿ ವಸಂತಮ್ಮ ಎದ್ದು ನಿಂತರು. ಖರ್ಚಿನ ಪಟ್ಟಿ ಓದಿಸಿದರು. ಊರ ಬಾಗಿಲಿಗೆ ಸ್ವಾಗತ ಕಮಾನು ಕಟ್ಟಲೆಂದು ಪಂಚಾಯಿತಿಯ ಸ್ವಂತ ಹಣ ತೆಗೆದಿಟ್ಟಿದ್ದರು.

"ಕಮಾನು ಆಮೇಲೆ ಆಗ್ಲಿ. ಮೊದ್ಲು ಶೇಷಪ್ಪನಿಗೆ ಕೊಡಿ," ಎಂದರು. ಹಿಂದಿನ ಸಾಲಿನವರೂ ಹೌದೆಂದರು. ತಿಂಗಳೊಳಗೆ ಮೂವತ್ತು ಮನೆಯವರು ಬಾಕಿ ಕಟ್ಟಿದರು.

ಕಮಾನಿನ ಹಣ, ಕಂದಾಯ ಎರಡೂ ಸೇರಿ ಶೇಷಪ್ಪನಿಗೆ ಮೂರು ತಿಂಗಳ ಸಂಬಳ ಸಿಕ್ಕಿತು. ಇನ್ನೆರಡು ತಿಂಗಳದ್ದು ಅನುದಾನಕ್ಕೆ ಕಾಯುತ್ತಿದೆ. ಆತ ಕೆಲಸಕ್ಕೆ ಮರಳಿದ್ದಾನೆ, ನೀರು ಬರುತ್ತಿದೆ.

ಓದುವವರೇ, ಸರ್ಕಾರದ ಸಾಲದ ಬಡ್ಡಿ ಹೋಗುವುದು ನಾವು ಕೊಟ್ಟ ತೆರಿಗೆಯಿಂದಲೇ. ಸೋಪು ಕೊಂಡರೂ ನೀವು ತೆರಿಗೆ ಕಟ್ಟಿದ್ದೀರಿ. ಹಾಗಾಗಿ ಲೆಕ್ಕ ಕೇಳುವ ಹಕ್ಕು ನಿಮಗಿದೆ. ಊರಿಗೆ ಕಟ್ಟಬೇಕಾದ ನಿಮ್ಮ ಪಾಲಿನ ಕಂದಾಯವನ್ನೂ ಬಾಕಿ ಇಡಬೇಡಿ. ಮುಂದಿನ ಗ್ರಾಮಸಭೆಗೆ ಹೋಗಿ. ವೋಟು ಕೇಳಲು ಬಂದವರು ಏನಾದರೂ ಕೊಡುತ್ತೇವೆಂದರೆ, ಅದಕ್ಕೆ ಹಣ ಎಲ್ಲಿಂದ ತರುತ್ತೀರಿ ಎಂದು ಕೇಳಿ. ಉತ್ತರ ಬರುವ ತನಕ ಕೇಳುವುದನ್ನು ಬಿಡಬೇಡಿ.