ಬಲಗಡೆಯ ಕಿಂಡಿ

ನೂರಾ ಇಪ್ಪತ್ತೆಂಟರವರೆಗೆ ಏನೂ ಇರಲಿಲ್ಲ. ವಿಮಾನದ ವೇಗದ ಮುಳ್ಳು ನೂರಾ ಮೂವತ್ತರ ಗೆರೆ ಮುಟ್ಟಿದ್ದೇ ತೃಪ್ತಿಯ ಬಲ ಹಿಮ್ಮಡಿಯ ಕೆಳಗೆ ಅದು ಮತ್ತೆ ಶುರುವಾಯಿತು. ಮೊದಲು ಬೀಸುಕಲ್ಲಿನಂಥ ಸಣ್ಣ ಗುರುಗುರು, ಆಮೇಲೆ ಯಾರೋ ಹೊರಗೆ ನಿಂತು ಅಂಗೈಯಿಂದ ತಗಡು ಬಡಿದಂತೆ. ನಡುಕ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಹಿಡಿಕೆ ಹಿಡಿದ ಕೈಗೆ ಏರಿತು. ಕೆಳಗೆ ಕುಲಗೋಡದ ಕಬ್ಬಿನ ಹೊಲಗಳು ತಣ್ಣಗೆ ಹಿಂದಕ್ಕೆ ಸರಿಯುತ್ತಿದ್ದವು.

"ಎಷ್ಟಕ್ಕ ಶುರು ಆತು?" ಹೆಡ್‌ಫೋನಿನಲ್ಲಿ ಅಪ್ಪನ ದನಿ.

"ಅಷ್ಟಕ್ಕ. ಮೊನ್ನಿ ಇದ್ದಷ್ಟಕ್ಕ."

 "ವಾಪಸ್ ಬಾ" ಎಂದ ಅಪ್ಪ.

ಅವಳು ವೇಗ ತಗ್ಗಿಸಿದಳು. ಬಡಿತ ನಿಂತಿತು. ನಿಂತದ್ದು ಸಮಾಧಾನ ತರಲಿಲ್ಲ. ಇನ್ನೊಮ್ಮೆ ಬರುತ್ತದೆಂದು ಗೊತ್ತಿರುವ ನೋವಿನ ನಡುವಿನ ಬಿಡುವಿನಂತೆ ಇತ್ತು.

ಗಾಲಿಗಳು ಮಡಚಿಕೊಂಡು ವಿಮಾನದ ಹೊಟ್ಟೆಯ ಪೊಟರೆಗಳೊಳಗೆ ಹೋದ ಮೇಲೆ ಅವುಗಳನ್ನು ಮುಚ್ಚಲು ಎರಡು ಬಾಗಿಲುಗಳಿದ್ದವು. ಎಡಗಡೆಯದು ಸುಮ್ಮನಿತ್ತು. ನಡುಗುತ್ತಿದ್ದದ್ದು ಬಲಗಡೆಯದು. ನಡುಗಿ ನಡುಗಿ ಅದರ ಕೀಲು ಕಿತ್ತರೆ ಬಾಗಿಲು ನೇರ ಹಿಂದಕ್ಕೆ ಹಾರಿ ಬಾಲಕ್ಕೆ ಬಡಿಯುತ್ತದೆ. ಬಾಲ ಮುರಿದರೆ ಆಮೇಲೆ ಹಿಡಿಕೆಯನ್ನು ಯಾವ ಕಡೆ ಎಳೆದರೂ ಒಂದೇ. ಇದನ್ನು ಅಪ್ಪ ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಇಬ್ಬರಿಗೂ ಗೊತ್ತಿದ್ದದ್ದರಿಂದಲೇ ಅದು ಮಾತಿಗೆ ಬಂದಿರಲಿಲ್ಲ.

ಅವಳ ಅಪ್ಪ ಬಾಹುಬಲಿ ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ವಿಮಾನಗಳ ಮೈ ರಿಪೇರಿ ಮಾಡಿ ನಿವೃತ್ತನಾದವನು. ಬೆಲ್ಲದ ಬಾಗೇವಾಡಿಗೆ ಮರಳಿ, ನಕ್ಷೆ ತರಿಸಿ, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂಬತ್ತು ವರ್ಷ ಕೂತು ಎರಡು ಸೀಟಿನ ಈ ವಿಮಾನವನ್ನು ಕಟ್ಟಿದ್ದ. ಮಳೆಗಾಲಕ್ಕೆ ಮೊದಲು ಅದನ್ನು ಹುಕ್ಕೇರಿ ದಾರಿಯ ಖಾಸಗಿ ರನ್‌ವೇಯ ಶೆಡ್ಡಿಗೆ ತಂದು ನಿಲ್ಲಿಸಿದ್ದರು. ಹಾರಿಸುವ ಪರವಾನಗಿ ಇದ್ದದ್ದು ಮಗಳಿಗೆ. ಬೇರೆ ಊರಿನ ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದ ಅವಳು ಪರೀಕ್ಷಾ ಹಾರಾಟಕ್ಕೆಂದು ಹದಿನೈದು ದಿನದ ರಜೆ ಹಾಕಿ ಬಂದಿದ್ದಳು. ಸೋಮವಾರ ವಿಮಾನ ನೋಡಿ ಒಪ್ಪಿಗೆ ಕೊಡಲು ದಿಲ್ಲಿಯಿಂದ ಅಧಿಕಾರಿ ಬರುವವನಿದ್ದ. ಈ ಹಾರಾಟದ ದಿನ ಗುರುವಾರ.

ಅವಳು ಇಳಿದು ಹೆಲ್ಮೆಟ್ ತೆಗೆಯುವುದರೊಳಗೆ ಅಪ್ಪ ಚಾಪೆ ಹಾಸಿಕೊಂಡು ವಿಮಾನದ ಕೆಳಗೆ ಮಲಗಿದ್ದ. ಬ್ಯಾಟರಿಯ ಬೆಳಕು ಕೀಲಿನಿಂದ ಕೀಲಿಗೆ ಹೋಗಿ ಹಿಂದಿನದರ ಮೇಲೆ ನಿಂತಿತು.

"ಏನಾಗೈತಿ?"

"ಕೀಲಿನ ಬ್ರ್ಯಾಕೆಟ್ ಸೀಳೈತಿ. ಕೂದಲೆಳಿಯಷ್ಟ." ಅವನು ಹೊರಗೆ ಬರಲಿಲ್ಲ. "ಹೊಸಾದ ಹಾಕ್ತೇನಿ. ಬಾಗ್ಲಾ ಇನ್ನೊಂದ ಪದರ ದಪ್ಪ ಮಾಡಿದ್ರ ಆತು."

"ಅದನ್ನ ಮೊನ್ನೇನ ಮಾಡಿದ್ಯಲ್ಲ. ಅದರ ಜೋಡಿನ ರಬ್ಬರ್ ಹಚ್ಚಿದಿ. ಅದರ ಮೊದಲ ಬಾಗ್ಲಾ ಎಳಿಯೂ ಕಡ್ಡಿ ಗಿಡ್ಡ ಮಾಡಿ ಬಿಗಿ ಮಾಡಿದಿ. ಬಾಗ್ಲದ್ದಲ್ಲ ತಪ್ಪು, ಬ್ಯಾರೆ ಏನೋ ಐತಿ."

ಅಪ್ಪನ ಕೈಯಲ್ಲಿದ್ದ ಬ್ಯಾಟರಿ ಆರಿತು. ಅವನ ಮೌನ ಅವಳಿಗೆ ಹೊಸದಲ್ಲ. ರಿವೆಟ್ ಹೊಡೆಯುವಾಗ ಅವನು ದಿನಗಟ್ಟಲೆ ಮಾತಾಡುತ್ತಿರಲಿಲ್ಲ. ಆ ಮೌನಕ್ಕೆ ಒಂದು ಕೆಲಸ ಇರುತ್ತಿತ್ತು. ಇದು ಹಾಗಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಗೋಕಾಕ ಫಾಲ್ಸ್‌ನಿಂದ ಶಿದ್ಲಿಂಗಪ್ಪ ಬಂದ. ಅಲ್ಲಿನ ನೂಲಿನ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು. ಈ ವಿಮಾನದ ಸಣ್ಣ ಬುಶ್ಶುಗಳನ್ನೆಲ್ಲ ಲೇಥಿನ ಮೇಲೆ ಕಡೆದು ಕೊಟ್ಟವನು ಅವನೇ. ಅವನ ಚೀಲದಲ್ಲಿ ಕೆಂಪು ನೂಲಿನ ಒಂದು ಉಂಡೆ ಇತ್ತು.

"ಕಂಡಕ್ಟರ್ ಕೇಳಿದ, ಇದನ್ನೆಲ್ಲಿಗಿ ಒಯ್ಯಾಕತ್ತಿ ಕಾಕಾ ಅಂತ. ವಿಮಾನಕ್ಕ ಲಂಗೋಟಿ ಹೊಲಸಾಕ ಅಂದೆ. ಟಿಕೇಟ್ ಕೊಡೂದ ಬಿಟ್ಟು ನನ್ನ ಮಾರಿ ನೋಡಿಕೋತ ನಿಂತ."

ತೃಪ್ತಿ ನಕ್ಕಳು. ಅಪ್ಪ ನಗಲಿಲ್ಲ.

"ನಗ್ರೀ ಸಾಹೇಬ್ರ, ಪುಕ್ಕಟ ಐತಿ. ಮಿಲ್ಲಿನಾಗ ಗಾಳಿ ಎಲ್ಲಿ ಹೊಕ್ಕೈತಿ, ಎಲ್ಲಿ ಹೊಂಟೈತಿ ಅಂತ ನೋಡಾಕ ಒಂದ ಎಳಿ ನೂಲ ಹಿಡದು ನಿಲ್ತಿದ್ವಿ. ಗಾಳಿ ಕಣ್ಣಿಗಿ ಕಾಣೂದಿಲ್ಲ, ಖರೆ ನೂಲ ಸುಳ್ಳ ಹೇಳೂದಿಲ್ಲ. ಅಲ್ಲಿ ಸ್ಪಿಂಡಲ್ ನಡಗಿದ್ರ ನೂಲ ಹರೀತಿತ್ತು, ಇಲ್ಲಿ ನಡಗಿದ್ರ..." ಅವನು ತೃಪ್ತಿಯ ಕಡೆ ನೋಡಿ ಮಾತು ನುಂಗಿದ. "ಟೇಪ್ ತಾ ತಂಗಿ."

ಮರುದಿನ ಬೆಳಿಗ್ಗೆ ಬಾಗಿಲಿನ ಅಂಚಿನುದ್ದಕ್ಕೂ ಗೇಣುದ್ದದ ಕೆಂಪು ಎಳೆಗಳು ಜೋತಾಡುತ್ತಿದ್ದವು. ರೆಕ್ಕೆಯ ಕೆಳಗೆ ಸಣ್ಣದೊಂದು ಕ್ಯಾಮೆರಾ ಕೂಡಿಸಿದ್ದರು. ಹೊಸ ಬ್ರ್ಯಾಕೆಟ್ ಹಾಕಿಯಾಗಿತ್ತು. ನೂರಾ ಮೂವತ್ತಕ್ಕೆ ಹೋಗಿ, ಹತ್ತು ಸೆಕೆಂಡು ಇದ್ದು, ವಾಪಸು ಬರುವುದೆಂದು ಮಾತಾಯಿತು.

ಅವಳು ಬೆಲ್ಟು ಬಿಗಿದುಕೊಂಡಾಗ ಅಪ್ಪ ರೆಕ್ಕೆಯ ಮೇಲೆ ಮಂಡಿಯೂರಿ ಗಾಜಿನ ಮುಚ್ಚಳ ಹಿಡಿದುಕೊಂಡಿದ್ದ. ಏನೋ ಹೇಳಲು ಬಾಯಿ ತೆರೆದ. ಅವಳು ಕಾದಳು.

"ಹತ್ತ ಸೆಕೆಂಡ. ಹನ್ನೊಂದ ಬ್ಯಾಡ" ಎಂದು ಮುಚ್ಚಳ ಇಳಿಸಿದ.

ಹತ್ತು ಸೆಕೆಂಡು ಎಷ್ಟು ಉದ್ದವೆಂದು ಅವಳಿಗೆ ಅಂದು ತಿಳಿಯಿತು. ಹಿಡಕಲ್ ಡ್ಯಾಮಿನ ನೀರು ಕೆಳಗೆ ಬಿಳಿಚಿಕೊಂಡು ಮಲಗಿತ್ತು. ಆರನೆಯ ಎಣಿಕೆಗೆ ಬಡಿತ ಗಟ್ಟಿಯಾಯಿತು, ಎಂಟಕ್ಕೆ ಹಲ್ಲು ಕಚ್ಚಿದಳು, ಒಂಬತ್ತಕ್ಕೆ ಏನೋ ಚಟ್ಟೆಂದಿತು. ಹತ್ತು ಎಣಿಸಲಿಲ್ಲ.

ಚಟ್ಟೆಂದದ್ದು ಹೊಸ ಬ್ರ್ಯಾಕೆಟ್ಟು. ಒಂದೇ ಹಾರಾಟಕ್ಕೆ ಅದೂ ಸೀಳಿತ್ತು.

ಶೆಡ್ಡಿನ ನೆರಳಿನಲ್ಲಿ ಮೂವರೂ ಫೋನಿನ ಮೇಲೆ ಬಾಗಿ ವಿಡಿಯೋ ನೋಡಿದರು. ನೂಲಿನ ಎಳೆಗಳು ಮೊದಲು ಮೈಗೆ ಅಂಟಿಕೊಂಡು ಹಿಂದಕ್ಕೆ ಮಲಗಿದ್ದವು. ವೇಗ ಏರುತ್ತಿದ್ದಂತೆ ಬಲ ಬಾಗಿಲಿನ ಹಿಂದಿನ ಅಂಚಿನ ಎಳೆಗಳು ಎದ್ದವು. ಎದ್ದು, ಒಳಗಿನಿಂದ ಯಾರೋ ಊದಿದಂತೆ ಹೊರಕ್ಕೆ ಸೆಟೆದು ನಿಂತವು. ಆ ಮೂಲೆಯೇ ತುಟಿಯಂತೆ ಬಿರಿದು ಮುಚ್ಚಿ ಬಿರಿದು ಮುಚ್ಚಿ ಬಡಿದುಕೊಳ್ಳುತ್ತಿತ್ತು.

"ಹೊರಗಿನ ಗಾಳಿ ಅಲ್ರಿ ಇದು" ಎಂದ ಶಿದ್ಲಿಂಗಪ್ಪ. "ಒಳಗ ತುಂಬಿದ್ದು ಹಾದಿ ಇಲ್ಲದ ಬಾಗ್ಲಾ ಒದಿಯಾಕತ್ತೈತಿ. ಪೊಟರಿಯೊಳಗಿನ ಗಾಳಿ ಹೊರಗ ಹೋಗಾಕ ಹಾದಿ ಎಲ್ಲಿಟ್ಟೀರಿ?"

"ಹಿಂದಿನ ಗ್ವಾಡಿಗಿ ಎರಡ ಕಿಂಡಿ ಅದಾವ" ಎಂದಳು ತೃಪ್ತಿ. ನಕ್ಷೆ ಅವಳಿಗೆ ಬಾಯಿಪಾಠವಾಗಿತ್ತು. "ಕೆಳಗ ನೀರ ಬಸಿಯಾಕ ಸಣ್ಣದು, ಮ್ಯಾಲ ಗಾಳಿಗಿ ದೊಡ್ಡದು."

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಫೋನನ್ನೇ ನೋಡುತ್ತಿದ್ದ. ವಿಡಿಯೋ ಮುಗಿದು ಪರದೆ ಕಪ್ಪಾಗಿತ್ತು.

ಅವಳು ಬ್ಯಾಟರಿ ಎತ್ತಿಕೊಂಡು ಚಾಪೆಯ ಮೇಲೆ ಮಲಗಿ ತಲೆಯನ್ನು ಪೊಟರೆಯೊಳಗೆ ತೂರಿಸಿದಳು. ಗ್ರೀಸಿನ ವಾಸನೆ. ನೀರಿನ ಕಿಂಡಿಯಲ್ಲಿ ಬೆಳಕು ಕಾಣುತ್ತಿತ್ತು. ಅದರ ಮೇಲೆ, ಕೊಳವೆಗಳ ಹಿಂದೆ, ಗಾಳಿಯ ಕಿಂಡಿ ಇರಬೇಕಾದಲ್ಲಿ ಮಣ್ಣಿತ್ತು. ಬೆರಳಿನಿಂದ ತೀಡಿದಂಥ ನುಣುಪಾದ ಮಣ್ಣು, ಒಂದರ ಪಕ್ಕ ಒಂದು ಮೂರು ಉಬ್ಬು. ಕುಂಬಾರ ಹುಳದ ಗೂಡು. ಬಾಯಿಗಳೆಲ್ಲ ಮುಚ್ಚಿದ್ದವು. ಒಳಗೆ ಮರಿಗಳಿವೆ ಎಂದರ್ಥ.

ಗೂಡಿನ ಕೆಳಗೆ ತಗಡಿನ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: 24/9.

ನಾಲ್ಕರ ಬಾಲವನ್ನು ಕೆಳಗೆ ಉದ್ದ ಎಳೆದಿತ್ತು. ಅಂಥ ನಾಲ್ಕುಗಳು ಈ ವಿಮಾನದ ಮೈತುಂಬ, ಪ್ರತಿ ರಿವೆಟ್ ಸಾಲಿನ ಪಕ್ಕ, ಬಣ್ಣದ ಕೆಳಗೆ ಇದ್ದವು. ಯಾರ ಅಕ್ಷರವೆಂದು ಕೇಳಬೇಕಾಗಿರಲಿಲ್ಲ. ಆ ತಾರೀಖು ಮೊದಲನೆಯ ಹಾರಾಟಕ್ಕಿಂತ ಎರಡು ವಾರ ಹಿಂದಿನದು.

ಅವಳು ಹೊರಗೆ ಬಂದು ಎದ್ದು ಕೂತಳು. ಅಂಗೈಗೆ ಹತ್ತಿದ ಗ್ರೀಸನ್ನು ಬಹಳ ಹೊತ್ತು ಒರೆಸಿಕೊಂಡಳು.

"ಚಾತುರ್ಮಾಸದಾಗ ಮುನಿ ಮಹಾರಾಜರ ಮುಂದ ವ್ರತ ತಗೊಂಡೇನಿ" ಎಂದ ಅಪ್ಪ. ಅವನ ದನಿ ಸಣ್ಣದಾಗಿತ್ತು. "ಗೊತ್ತಿದ್ದು ಒಂದ ಇರವಿನೂ ಕೊಲ್ಲೂದಿಲ್ಲಂತ. ನಾ ನೋಡೂದ್ರಾಗ ಗೂಡಿನ ಬಾಯಿ ಮುಚ್ಚಿತ್ತು. ತಿಂಗಳೊಪ್ಪತ್ತಿನ್ಯಾಗ ಹಾರಿ ಹೋಗ್ತಾವ ಅಂದ್ಕೊಂಡೆ. ನೀರಿನ ಕಿಂಡಿ ತೆರದೈತಲ್ಲ, ಅದರಾಗ ಗಾಳೀನೂ ಹೊರಗ ಹೋಗ್ತೈತಿ ಅಂತ..."

"ಹುಳದ ತಾರೀಖ ಬರದೀರಿ" ಎಂದಳು ತೃಪ್ತಿ. "ಲಾಗ್ ಬುಕ್ಕಿನಾಗ ಯಾಕ ಬರೀಲಿಲ್ರಿ?"

ಹುಟ್ಟಿದಾಗಿನಿಂದ ಅಪ್ಪನಿಗೆ 'ನೀ' ಎಂದೇ ಮಾತಾಡಿದವಳು ಅವಳು. ಆ 'ರಿ' ಕೇಳಿ ಶಿದ್ಲಿಂಗಪ್ಪ ಮುಖ ಬೇರೆ ಕಡೆ ತಿರುಗಿಸಿಕೊಂಡ. ಅಪ್ಪ ಕುಳಿತಲ್ಲೇ ಒಮ್ಮೆ ಅಲುಗಿದ. ಮುಟ್ಟಿದ್ದನ್ನು, ಕಂಡದ್ದನ್ನು, ಸಂಶಯ ಬಂದದ್ದನ್ನು ಬರೆ. ಹಾರಿಸುವವನು ಓದಿ ಏರುತ್ತಾನೆ. ಅವಳಿಗೆ ಅಕ್ಷರ ಕಲಿಸುವಾಗಲೇ ಅದನ್ನೂ ಕಲಿಸಿದವನು ಅವನು. ನಾಲ್ಕು ಹಾರಾಟಕ್ಕೂ ಮೊದಲು ಅವಳು ಆ ಪುಸ್ತಕ ಓದಿಯೇ ಏರಿದ್ದಳು.

ಶಿದ್ಲಿಂಗಪ್ಪ ಅಂಗಿಯ ತೋಳು ಮಡಚಿಕೊಂಡ. "ಇರ್ಲಿ ಬಿಡ್ರಿ ಸಾಹೇಬ್ರ. ನಾ ತಗೀತೇನಿ. ನನಗ್ಯಾವ ವ್ರತ ಐತಿ? ನೀವ ಆ ಕಡೆ ಹೋಗಿ ಚಹಾ ಕುಡದ ಬರ್ರಿ."

"ಮಾಡಿದ್ರೂ ಅಷ್ಟ, ಮಾಡಿಸಿದ್ರೂ ಅಷ್ಟ, ಮಾಡೂದು ನೋಡಿ ಸುಮ್ನ ಕುಂತ್ರೂ ಅಷ್ಟ" ಎಂದ ಅಪ್ಪ.

"ತಗೀಯೂದ ಬ್ಯಾಡ" ಎಂದಳು ತೃಪ್ತಿ. "ಹಾರಿ ಹೋಗೂತನಾ ಇರ್ಲಿ. ಸೋಮವಾರದ್ದು ತಪ್ಪಿದ್ರ ತಪ್ಪಲಿ. ನಾ ಕೇಳಿದ್ದು ಅದಲ್ಲ..."

ಅವಳು ಮುಗಿಸುವುದರೊಳಗೆ ಅವನು ಸ್ಕ್ರೂ ಡ್ರೈವರ್ ಹಿಡಿದು ಕೆಳಗೆ ತೂರಿದ್ದ. ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. ಒಣಮಣ್ಣು ಕೆರೆದ ಸದ್ದು ಮೂರು ಸಲ ಬಂತು. ಪ್ರತಿ ಸಲವೂ ಅವನ ಬಲಗಾಲಿನ ಬೆರಳುಗಳು ಮಡಚಿಕೊಂಡವು. ಆಮೇಲೆ ಪೊಟರೆಯೊಳಗಿಂದ ಬೆಳಕಿನ ಒಂದು ಪಟ್ಟಿ ನೆಲಕ್ಕೆ ಬಿತ್ತು.

ಹೊರಗೆ ಬಂದಾಗ ಅವನ ಎಡ ಅಂಗೈಯಲ್ಲಿ ಮಣ್ಣಿನ ಚೂರುಗಳಿದ್ದವು. ನಡುವೆ ಮೂರು ಕಂದು ಹುಳಗಳು. ರೆಕ್ಕೆ ಮೂಡಿದ್ದವು, ಇನ್ನೂ ಬಿಚ್ಚಿರಲಿಲ್ಲ. ಒಂದರ ಕಾಲು ಅಲ್ಲಾಡಿತು. ಅವನು ಅದನ್ನು ನೋಡುತ್ತ ನಿಂತ, ಅಲ್ಲಾಡುವುದು ನಿಲ್ಲುವ ತನಕ.

"ನಾಕ ಸಲ ಮಗಳನ್ನ ಮ್ಯಾಲ ಕಳಿಸೇನಿ" ಎಂದ, ಯಾರಿಗೆಂದು ಹೇಳದೆ. ಕೈ ಮುಚ್ಚಿಕೊಂಡು ಶೆಡ್ಡಿನ ಹಿಂದಕ್ಕೆ ನಡೆದ.

ಮಧ್ಯಾಹ್ನ ಮತ್ತೊಂದು ಬ್ರ್ಯಾಕೆಟ್ ಹಾಕಿದರು. ಬೇಕಾದ ಮಾತಷ್ಟೇ ಆಡಿದರು. ಪಾನಾ ಕೊಡು, ನಟ್ಟು ಹಿಡಿ, ಬಿಡು. ನಾಲ್ಕು ಗಂಟೆಗೆ ತೃಪ್ತಿ ಏರಿದಳು. ಮೂಡಲಗಿಯ ಕಡೆ ಮೂಗು ತಿರುಗಿಸಿ ವೇಗ ಕೊಟ್ಟಳು. ನೂರಾ ಮೂವತ್ತು ದಾಟಿತು. ಅವಳ ಇಡೀ ಮೈ ಬಲ ಹಿಮ್ಮಡಿಯಲ್ಲಿ ಕೂತು ಕಾಯುತ್ತಿತ್ತು. ನೂರಾ ನಲವತ್ತು. ನಲವತ್ತೈದು. ಎಂಜಿನ್ನಿನ ಒಂದೇ ಸಮನೆಯ ಸದ್ದಿನ ಹೊರತು ಏನೂ ಇರಲಿಲ್ಲ. ರೇಡಿಯೋದಲ್ಲಿ ಅಪ್ಪ ಏನನ್ನೂ ಕೇಳಲಿಲ್ಲ. ಅವಳಾಗಿ ಹೇಳಬೇಕೆಂದುಕೊಂಡಳು, ಗುಂಡಿಯ ಮೇಲೆ ಬೆರಳಿಟ್ಟು, ತೆಗೆದಳು.

ಇಳಿದ ಮೇಲೆ ಹಾರಾಟ ನಮೂದಿಸಲು ಲಾಗ್ ಬುಕ್ ತೆರೆದಳು. ಹಿಂದಿನ ನಾಲ್ಕೂ ಹಾರಾಟಗಳ ಕೆಳಗೆ ಹೊಸ ಶಾಯಿಯಲ್ಲಿ ಒಂದೊಂದು ಸಾಲು ಸೇರಿತ್ತು. ನಾಲ್ಕೂ ಒಂದೇ: 'ಬಲ ಪೊಟರೆಯ ಗಾಳಿಕಿಂಡಿ ಬಂದ್ ಇತ್ತು. ನೋಡಿದ್ದೆ.' ಕೆಳಗೆ ಸಹಿ, ಇಂದಿನ ತಾರೀಖು. ಪುಟಗಳಿಗೆ ಅಚ್ಚಿನ ನಂಬರುಗಳಿದ್ದವು, ಹರಿಯುವಂತಿರಲಿಲ್ಲ. ಸೋಮವಾರ ಅಧಿಕಾರಿ ಮೊದಲು ಓದುವುದು ಇದನ್ನೇ. ಅವಳು ಪ್ರತಿ ಸಾಲಿನ ಮುಂದೆ 'ಓದಿದೆ' ಎಂದು ಬರೆದು ಸಹಿ ಹಾಕಿದಳು.

ಬಾಗೇವಾಡಿಯ ಮನೆ ಮುಟ್ಟಿದಾಗ ಪಡಸಾಲೆಯ ಗೋಡೆಯ ಮೇಲೆ ಬಿಸಿಲು ಇನ್ನೊಂದು ಮೊಳ ಉಳಿದಿತ್ತು. ತಾಯಿ ಲಕ್ಷ್ಮೀಬಾಯಿ ಮೂರು ತಾಟು ಹಾಕಿ ರೊಟ್ಟಿ ಬುಟ್ಟಿ ತಂದಿಟ್ಟಳು. "ಲಗೂ ಕೈಕಾಲ ತೊಳಕೋರಿ. ಹೊತ್ತ ಮುಣಗಾಕ ಬಂತು."

"ನನಗ ಇವತ್ತ ಬ್ಯಾಡ" ಎಂದ ಬಾಹುಬಲಿ. "ನಾಳಿನೂ ಉಪಾಸ."

ಲಕ್ಷ್ಮೀಬಾಯಿ ಗಂಡನ ಮುಖ ನೋಡಿದಳು, ಕೈ ನೋಡಿದಳು.  ಅವನ ತಾಟನ್ನು ಎತ್ತಿಟ್ಟಳು.

ತೃಪ್ತಿ ಗೋಡೆಗೆ ಒರಗಿ ಅವನ ಪಕ್ಕದಲ್ಲಿ ಕೂತಳು. ಹಾಸ್ಟೆಲ್ಲು ಸೇರಿದಂದಿನಿಂದ ಅವಳಿಗೆ ಹೊತ್ತು ಮುಳುಗುವುದರೊಳಗೆ ಉಣ್ಣುವ ಕಟ್ಟಳೆ ಇರಲಿಲ್ಲ. ರಜೆಗೆ ಬಂದಾಗ ಅವಳ ಪಾಲನ್ನು ತಾಯಿ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಳು. ದೀಪ ಹಚ್ಚಿದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಈಗಲೂ ಲಕ್ಷ್ಮೀಬಾಯಿ ಎರಡು ರೊಟ್ಟಿ ಮಡಚಿ ಡಬ್ಬಿಗೆ ಹಾಕಹೋದಳು.

"ನನಗ ಇಡಬ್ಯಾಡ ಅವ್ವಾ."

ಡಬ್ಬಿಯ ಮುಚ್ಚಳ ಹಿಡಿದ ಕೈ ಅಲ್ಲೇ ನಿಂತಿತು. ಗೋಡೆಯ ಮೇಲಿನ ಬಿಸಿಲು ಗೇಣಾಯಿತು, ಬೆರಳಗಲವಾಯಿತು. ಲಕ್ಷ್ಮೀಬಾಯಿ ಉಳಿದೆರಡು ತಾಟುಗಳನ್ನು ಒಂದರ ಮೇಲೊಂದು ಬೋರಲು ಹಾಕಿ, ರೊಟ್ಟಿ ಬುಟ್ಟಿಯ ಮೇಲೆ ಅರಿವೆ ಎಳೆದು, ಇಬ್ಬರ ಎದುರಿಗೆ ಬಂದು ಕೂತಳು. ಹೊರಗೆ ಯಾರದೋ ಎಮ್ಮೆ ಕೊಟ್ಟಿಗೆಗೆ ಹೋಗುತ್ತಿತ್ತು. ಅದರ ಗಂಟೆ ಓಣಿಯ ತಿರುವಿನವರೆಗೂ ಕೇಳಿಸಿತು.