ಕಟ್ಟೆಯ ಮೇಲಿನ ಸ್ಪೀಕರ್

"ಇನ್ನೊಂದು ಗೇಣು ಈ ಕಡೆ ಸರಿಸು. ಗೇಣಂದ್ರ ಗೇಣು, ಮೊಳ ಅಲ್ಲ!"

ಪ್ರಹ್ಲಾದ ನೆಲದ ಮೇಲೆ ಮಂಡಿಯೂರಿ, ಸ್ಪೀಕರಿನಿಂದ ಕುರ್ಚಿಯವರೆಗೆ ದಾರ ಹಿಡಿದು ಅಳೆಯುತ್ತಿದ್ದ. ದಾರದ ಇನ್ನೊಂದು ತುದಿ ಹೆಂಡತಿ ವಿಮಲಾಬಾಯಿಯ ಕೈಯಲ್ಲಿತ್ತು. ಒಲೆಯ ಮೇಲೆ ಸಾರು ಇಟ್ಟು ಬಂದಿದ್ದ ಅವಳ ಅರ್ಧ ಜೀವ ಅಡಿಗೆಮನೆಯಲ್ಲೇ ಇತ್ತು. ಎರಡು ಸ್ಪೀಕರು, ಎದುರಿಗೆ ಕೇಳುವವನ ಕುರ್ಚಿ. ಮೂರೂ ಸೇರಿ ಸಮನಾದ ತ್ರಿಕೋನವಾಗಬೇಕೆಂದು ಅವುಗಳ ಜೊತೆ ಬಂದ ಪುಸ್ತಿಕೆ ಹೇಳಿತ್ತು. ಆದರೆ ಸಂಗೀತಕ್ಕೂ ಅದೇ ಕೋಣೆ, ಟಿ.ವಿ., ವಿ.ಸಿ.ಆರ್.ಗೂ ಅದೇ ಕೋಣೆ. ಸ್ಪೀಕರನ್ನು ಮೂಲೆಗೆ ಒತ್ತಿದರೆ ತಬಲಾ ಗುಂಯ್ ಎನ್ನುತ್ತಿತ್ತು, ಮುಂದೆ ತಂದರೆ ಟಿ.ವಿ. ಮರೆಯಾಗುತ್ತಿತ್ತು.

"ಮನಿ ಕಟ್ಟೋ ಗೌಂಡಿನೂ ಇಷ್ಟು ದಾರ ಹಿಡಿಯಂಗಿಲ್ಲೋ," ಎಂದರು ಬಾಗಿಲಲ್ಲಿ ನಿಂತ ಪದ್ಮಾಬಾಯಿ. ಅವರು ಪ್ರಹ್ಲಾದನ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಅವನನ್ನು ಎತ್ತಿ ಆಡಿಸಿದವರು. ಮಡಿಯ ಹೆಂಗಸು, ಆದರೆ ನಾಲಿಗೆಗೆ ಮಾತ್ರ ಮಡಿ ಇರಲಿಲ್ಲ.

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಗದಗಿನ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕ ಮೇಲೆ ಪ್ರಹ್ಲಾದನ ಕಥೆಯೂ ಹಾಗೇ ಆಗಿತ್ತು. ಎಂಬತ್ತೆಂಟರಲ್ಲಿ ಅವರ ಓಣಿಯಲ್ಲಿ ಕಲರ್ ಟಿ.ವಿ. ಅಂತ ಇದ್ದದ್ದೇ ಅವನ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಓಣಿಗೆ ಓಣಿಯೇ ಬಂದು ಕೂರುತ್ತಿತ್ತು. ಹೊಸ ಸೋಫಾದ ಗತಿಯನ್ನು ನೋಡಲಾರದೆ ಅವನೊಂದು ಉಪಾಯ ಮಾಡಿದ. ಹಳೆಯ ರೆಕಾರ್ಡ್ ಪ್ಲೇಯರಿನ ಸ್ಪೀಕರನ್ನು ಹೊರಗೆ ಕಟ್ಟೆಯ ಮೇಲಿಟ್ಟು, ಕಿಟಕಿಗೆ ಹತ್ತಿರವಿದ್ದ ಬಲಗಡೆಯ ಸ್ಪೀಕರಿನ ವೈರಿಗೆ ಜೋಡಿಸಿಬಿಟ್ಟ. ಜನ ಕಟ್ಟೆಯ ಮೇಲೆ ಕೂತು ಕಿಟಕಿಯಲ್ಲಿ ನೋಡಿದರು, ಸ್ಪೀಕರಿನಲ್ಲಿ ಕೇಳಿದರು. ಟಿ.ವಿ.ಯ ಮಾತೂ ಅವೇ ಸ್ಪೀಕರುಗಳಲ್ಲಿ, ಎಡಕ್ಕೂ ಬಲಕ್ಕೂ ಒಂದೇ ಬರುತ್ತಿದ್ದರಿಂದ ಹೊರಗಿದ್ದವರಿಗೆ ಒಂದಕ್ಷರವೂ ತಪ್ಪಲಿಲ್ಲ. ಪುಣ್ಯವಂತನೆಂದು ಎಲ್ಲರೂ ಹೊಗಳಿದರು, ಅವನೂ ಹಾಗೇ ನಂಬಿದ.

ಇವತ್ತಿನ ಅಳತೆ ಮಾತ್ರ ಟಿ.ವಿ.ಗಲ್ಲ. ಹುಬ್ಬಳ್ಳಿಯ ಭಾವಮೈದುನ ಒಂದು ಕ್ಯಾಸೆಟ್ ಕಳಿಸಿದ್ದ. ತೀರಿಹೋದ ಗವಾಯಿ, ಬುವಾ ಒಬ್ಬರು ಯಾರದೋ ಮನೆಯಲ್ಲಿ ಹಾಡಿದ್ದು. ಎರಡು ಮೈಕು ಇಟ್ಟು ಹಿಡಿದಿದ್ದರು, ಒಂದು ಬುವಾ ಅವರ ಬಾಯಿಯ ಮುಂದೆ, ಒಂದು ತಬಲಾದ ಮುಂದೆ. ಎಡದ ಸ್ಪೀಕರಿನಿಂದ ಹಾಡು, ಬಲದ್ದರಿಂದ ತಬಲಾ. ತ್ರಿಕೋನದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರೆ ಬುವಾ ಎದುರಿಗೇ ಕೂತು ಹಾಡುತ್ತಿದ್ದಾರೆ ಅನ್ನಿಸುತ್ತಿತ್ತು.

ಅವರನ್ನು ಪ್ರಹ್ಲಾದ ಒಂದೇ ಒಂದು ಸಲ ಕಂಡಿದ್ದ, ಲಕ್ಷ್ಮೇಶ್ವರದ ಒಂದು ಜಮೀನ್ದಾರಿ ವಾಡೆಯ ಮದುವೆಯಲ್ಲಿ. ಜೊತೆಗಿದ್ದವನು ಬೆಟಗೇರಿಯ ನೇಕಾರ ಮಾಶಾಕ, ಶಾಲೆಯ ಗೆಳೆಯ. ಒಂದೇ ಸೈಕಲ್ಲಿನ ಮೇಲೆ ಇಬ್ಬರೂ ಸರದಿಯಂತೆ ತುಳಿದುಕೊಂಡು ಹೋಗಿ, ಜಮಖಾನದ ಮೇಲೆ ತೊಡೆಗೆ ತೊಡೆ ತಾಗಿಸಿ ಕೂತು ಕೇಳಿದ್ದರು. ಕ್ಯಾಸೆಟ್ಟಿನ ಸುದ್ದಿ ತಿಳಿದ ಮಾಶಾಕ ಮಗ್ಗ ಬಿಟ್ಟು ಓಡಿಬಂದಿದ್ದ.

"ಒಮ್ಮಿ ಕೇಳಸ್ರಿ, ಪಲ್ಲಣ್ಣ. ಆ ಧ್ವನಿ ಇನ್ನೊಮ್ಮಿ ಕಿವ್ಯಾಗ ಬಿದ್ರ ಸಾಕು ನನಗ."

"ಶನಿವಾರ ಸಂಜಿಕೆ ಬಾ," ಎಂದು ಪ್ರಹ್ಲಾದ ಮನಸ್ಸು ಬಿಚ್ಚಿಯೇ ಹೇಳಿದ್ದ. ಆಮೇಲೆ ಬ್ಯಾಂಕಿನಲ್ಲಿ ಬಾಯಿ ಸುಮ್ಮನಿರದೆ ಕ್ಯಾಸೆಟ್ಟಿನ ವರ್ಣನೆ ಮಾಡಿದ. ತಪಾಸಣೆಗೆ ಬಂದಿದ್ದ ದೊಡ್ಡ ಸಾಹೇಬರು, "ನಾವೂ ಬರಬಹುದೇನ್ರಿ?" ಅಂದರು. ಅವರಿಗೂ ಅನುಕೂಲವಾದದ್ದು ಅದೇ ಶನಿವಾರ.

ಸಾಹೇಬರ ಪಕ್ಕದಲ್ಲಿ, ಅದೇ ಸೋಫಾದ ಮೇಲೆ ಮಾಶಾಕ? ಪ್ರಹ್ಲಾದನಿಗೆ ಆ ಚಿತ್ರ ಕೂಡಲಿಲ್ಲ. ಕೂಡಲಿಲ್ಲವೆಂದು ತನಗೆ ತಾನೇ ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸುವಾಗ ಅತ್ತೆಯ ಮಡಿ ನೆನಪಾಯಿತು. ಅದು ನೆನಪಾದದ್ದೇ ಹಗುರಾದ.

ಸಂಜೆ ಮಾಶಾಕ ಎಲ್ಲರಿಗಿಂತ ಮೊದಲು ಬಂದ. ಇಸ್ತ್ರಿಯ ಅಂಗಿ, ಬಿಳಿ ಟೊಪ್ಪಿಗೆ, ಕಿವಿಯ ಹಿಂದೆ ಅತ್ತರು.

"ಮಾಶಾಕ, ಒಳಗ ಭಾಳ ಶೆಕಿ ಅದ. ಅದೂ ಅಲ್ಲದ ಅತ್ಯಾನ ಮಡಿ ನಿನಗ ಗೊತ್ತದಲ್ಲಾ? ನಿನಗಂತ ಇಲ್ಲೆ ಸ್ಪೀಕರ್ ಇಟ್ಟೀನಿ. ಆರಾಮ ಕೂಡು," ಎಂದ ಪ್ರಹ್ಲಾದ, ಅವನ ಮುಖ ಬಿಟ್ಟು ಟೊಪ್ಪಿಗೆಯನ್ನು ನೋಡುತ್ತ.

"ಆತ್ರಿ, ಆತ್ರಿ. ಇಲ್ಲಿ ಗಾಳಿನೂ ಚಲೋ ಐತಿ," ಎಂದು ಮಾಶಾಕ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ಸಾಹೇಬರು ಬಂದರು, ಜೊತೆಗಿಬ್ಬರು ಅಧಿಕಾರಿಗಳೂ ಬಂದರು. ಬೀದಿಯ ಗದ್ದಲ ಒಳಗೆ ಬರಬಾರದೆಂದು ಪ್ರಹ್ಲಾದ ಕಿಟಕಿಯ ಗಾಜು ಮುಚ್ಚಿ ದಪ್ಪನೆಯ ಪರದೆ ಎಳೆದ. ಪರದೆ ಎಳೆಯುವಾಗ ಹೊರಗೆ ಬಿಳಿ ಟೊಪ್ಪಿಗೆ ಕಂಡಿತು, ಕೈ ಒಂದಿಷ್ಟು ತಡೆಯಿತು. ಪೂರಾ ಎಳೆದ. ತ್ರಿಕೋನದ ಕುರ್ಚಿಯಲ್ಲಿ ಸಾಹೇಬರೇ ಕೂತು ಒಂದಾದ ಮೇಲೊಂದು ಸಿಗರೇಟು ಸೇದಿದರು, ಎರಡು ಸಲ "ವಾಹ್" ಅಂದರು, ಡೆಕ್ಕು ಎಲ್ಲಿ ಕೊಂಡದ್ದೆಂದು ವಿಚಾರಿಸಿದರು. ಪ್ರಹ್ಲಾದ ಬುವಾ ಅವರ ಹಾಡಿಗಿಂತ ಸಾಹೇಬರ ಮುಖವನ್ನೇ ಹೆಚ್ಚು ಕೇಳಿಸಿಕೊಂಡ. ಒಂದು ಬದಿ ಮುಗಿಯುತ್ತಲೇ ಅವಲಕ್ಕಿ ತಿಂದು, ಚಹಾ ಕುಡಿದು, ಅವರೆಲ್ಲ ಜೀಪು ಹತ್ತಿ ಹೋದರು.

ಪ್ರಹ್ಲಾದ ಉಬ್ಬಿದ ಎದೆಯಲ್ಲೇ ಕಟ್ಟೆಗೆ ಬಂದ. "ಹೆಂಗಿತ್ತೋ?"

"ತಬಲಾ ಭಾಳ ಚಲೋ ಐತ್ರಿ. ಕೈ ಸಾಫ್ ಐತಿ," ಎಂದ ಮಾಶಾಕ. "ಮೊದಲ ಎಷ್ಟೊತ್ತನಾ ಸುಮ್ಮನ ಇತ್ತು. ಆಮ್ಯಾಲೆ ಚಾಲೂ ಆತು." ಆಮೇಲೆ, ಕೇಳಬೇಕೋ ಬೇಡವೋ ಎಂಬಂತೆ ದನಿ ತಗ್ಗಿಸಿದ. "ಬುವಾ ಅವರು ಯಾವಾಗ ಹಾಡತಾರ್ರಿ? ಎರಡನೇ ಬದಿಯಾಗೇನು? ಹಂಗಿದ್ರ ಕುಂಡರತೀನಿ, ನನಗೇನ್ ಗಡಿಬಿಡಿ ಇಲ್ಲ."

ಪ್ರಹ್ಲಾದನಿಗೆ ಮೊದಲು ಅರ್ಥವಾಗಲಿಲ್ಲ. ಕಟ್ಟೆಯ ಸ್ಪೀಕರು, ಅದರ ವೈರು, ಕಿಟಕಿಯ ಸಂದು, ಒಳಗಿನ ಬಲಗಡೆಯ ಸ್ಪೀಕರು... ಕಣ್ಣು ವೈರಿನಗುಂಟ ಹೋಗಿ ಮುಟ್ಟಿದಾಗ ತಿಳಿಯಿತು, ಹಾಡು ಇದ್ದದ್ದು ಎಡಗಡೆಯದರಲ್ಲಿ. ಇಷ್ಟು ಹೊತ್ತೂ ಇವನು ಬರೀ ತಬಲಾ ಕೇಳುತ್ತ, ಈಗ ಹಾಡಿಯಾರು, ಇನ್ನೇನು ಹಾಡಿಯಾರು ಎಂದು ಕಾದಿದ್ದಾನೆ. ಬಾಗಿಲು ತಟ್ಟಿ ಕೇಳಲಿಲ್ಲ, ಕೇಳುವ ಸಲಿಗೆಯನ್ನು ತಾನೇ ಅವನಿಗೆ ಉಳಿಸಿರಲಿಲ್ಲ. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸುವಷ್ಟು ನಾಚಿಕೆಯಾಯಿತು.

ತಪ್ಪಾಯಿತು, ಒಳಗೆ ಬಾ, ಮೊದಲಿನಿಂದ ಹಚ್ಚುತ್ತೇನೆ ಅನ್ನಬಹುದಿತ್ತು. ಅಂದರೆ ಒಳಗಿದ್ದವರು ಏನು ಕೇಳಿದರೆಂದು ಹೇಳಬೇಕಾಗುತ್ತಿತ್ತು.

"ಟೇಪ ಕೆಟ್ಟದನೋ, ಮಾಶಾಕ. ಬುವಾ ಅವರ ಧ್ವನಿನ ಮೂಡಿಲ್ಲ. ಒಳಗ ನಾವೂ ಬರೇ ತಬಲಾನ ಕೇಳಿದ್ವಿ."

ಮಾಶಾಕನ ಮುಖ ಬಾಡಿತು. ಬಾಡಿದ್ದು ತನಗಾಗಿಯಲ್ಲ.

"ಅಯ್ಯ, ಸಾಹೇಬ್ರ ಮುಂದ ಹಿಂಗಾತೇನ್ರಿ? ಪಾಪ, ಎಷ್ಟ್ ತಯಾರಿ ಮಾಡಿದ್ರಿ. ಮನಸಿಗೆ ಹಚ್ಕೋಬ್ಯಾಡ್ರಿ, ಪಲ್ಲಣ್ಣ. ಲಕ್ಷ್ಮೇಶ್ವರದಾಗ ಕೂಡೇ ಕೇಳೀವಲ್ಲ, ಅದನ್ಯಾರು ಕಸ್ಕೊಂತಾರ?" ಎಂದು ಭುಜದ ಮೇಲೆ ಕೈಯಿಟ್ಟು, ಚಪ್ಪಲಿ ಮೆಟ್ಟಿ, ಗೇಟಿನಾಚೆ ನಿಲ್ಲಿಸಿದ್ದ ಸೈಕಲ್ಲಿನತ್ತ ನಡೆದ.

ಅಷ್ಟರಲ್ಲಿ ಕಿಟಕಿಯ ಪರದೆ ಸರಿಯಿತು, ಗಾಜು ತೆರೆಯಿತು. ಸಿಗರೇಟಿನ ಹೊಗೆ ಹೊರಹೋಗಲೆಂದು ತೆರೆದವರು ಪದ್ಮಾಬಾಯಿ.

"ಅಂವಾ ಮಾಶಾಕ ಅಲ್ಲೇನೋ? ಇಷ್ಟೊತ್ತು ಹೊರಗ ಕೂಡಿಸಿದ್ಯಾ? ಹಾಡು ಕೇಳಲಿಕ್ಕೆ ಬಂದಾವರನ್ನ ನಾ ಯಾವಾಗ ಒಳಗ ಬ್ಯಾಡ ಅಂದೀನಿ?" ಉತ್ತರಕ್ಕೆ ಕಾಯದೆ ಅವರು ಒಳಗೆ ತಿರುಗಿದರು. "ವಿಮಲಾ, ಆ ಬುವಾಂದು ಮೊದಲಿಂದ ಹಚ್ಚವಾ. ಅಡಿಗಿಮನ್ಯಾಗ ಅರ್ಧಮರ್ಧಾ ಕೇಳಿಸ್ತು ನನಗ."

ಒಳಗೆ ಟೇಪು ಸರ್ರೆಂದು ಹಿಂದಕ್ಕೆ ಸುತ್ತಿತು. ಆಮೇಲೆ ತೆರೆದ ಕಿಟಕಿಯಿಂದ ಬುವಾ ಅವರ ದನಿ ಹೊರಗೆ ಬಂತು, ಷಡ್ಜ ಹಿಡಿದು ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ.

ಮಾಶಾಕ ಪೆಡಲಿನ ಮೇಲಿಟ್ಟ ಕಾಲನ್ನು ಇಳಿಸಿದ. ತಿರುಗಿ ನೋಡಲಿಲ್ಲ. ಬೀದಿದೀಪದ ಬೆಳಕಿನಲ್ಲಿ ಸೈಕಲ್ ಹಿಡಿದು, ಮನೆಗೆ ಬೆನ್ನು ಕೊಟ್ಟು, ತಲೆ ಒಂದಿಷ್ಟು ವಾಲಿಸಿ ಆಲಾಪ ಮುಗಿಯುವವರೆಗೂ ನಿಂತ. ಪ್ರಹ್ಲಾದ ಕಟ್ಟೆಯಿಂದ ಇಳಿಯಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಅವನ ಪಕ್ಕದ ಹಳೆಯ ಸ್ಪೀಕರಿನಲ್ಲಿ ತಬಲಾದ ಮೊದಲ ಪೆಟ್ಟು ಬೀಳುತ್ತಲೇ ಮಾಶಾಕ ಸೈಕಲ್ ಹತ್ತಿ ಬೆಟಗೇರಿಯ ಕಡೆ ಹೋದ.