ಸ್ಲೇಟಿನಲ್ಲಿ ಉಳಿದ ಹನ್ನೆರಡು ಪುಟ

ನಿಂತುಹೋದ ಗಡಿಯಾರಗಳಿಗೆ ಐವತ್ತು ವರ್ಷ ಜೀವ ಕೊಟ್ಟ ಗಡಿಯಾರದವರನ್ನು ಅಂಗೈಯಗಲದ ಒಂದು ಇ-ರೀಡರ್ ಹದಿನೈದು ದಿನಗಳಿಂದ ಆಟ ಆಡಿಸುತ್ತಿತ್ತು. ಚಾರ್ಜಿಗೆ ಹಾಕಿದರೆ ದೀಪವಿಲ್ಲ, ಗುಂಡಿ ಒತ್ತಿದರೆ ಮಿಸುಕಾಟವಿಲ್ಲ.

ಅದು ತೀರಿಹೋದ ಹೆಂಡತಿಯದು. ಅವಳು ಅದನ್ನು ಸ್ಲೇಟು ಎನ್ನುತ್ತಿದ್ದಳು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಮುಂದೆ ಮಾಡಿಕೊಂಡು ಅದರಲ್ಲಿ ಪ್ರಾರ್ಥನೆಯ ಪುಸ್ತಕ ಓದುವಳು. ಆ ಹೊತ್ತಿಗೆ ಮನೆಯಲ್ಲಿ ದೇವರ ಹೊತ್ತು ಎಂದೇ ಹೆಸರು. ಯಾರೂ ಕರೆಯುವಂತಿಲ್ಲ. ಹನ್ನೊಂದು ವರ್ಷ ಗಡಿಯಾರದವರು ಮೂರು ಗಂಟೆಯ ಚಹಾವನ್ನು ತಾವೇ ಕಾಸಿಕೊಂಡು, ಲೋಟದ ಸದ್ದಾಗದಂತೆ ಕುಡಿದಿದ್ದರು.

ಆಸ್ಪತ್ರೆಗೂ ಸ್ಲೇಟು ಜೊತೆಗೆ ಹೋಗಿತ್ತು. ಕೊನೆಯ ಸಂಜೆ ಅವಳು, "ಇನ್ನು ಹನ್ನೆರಡೇ ಪುಟ ಉಳಿದಿತ್ತು" ಎಂದು ಪೇಚಾಡಿಕೊಂಡಳು. ಇವರು ಕೈ ಹಿಡಿದು, "ನೀನು ಬಿಟ್ಟಲ್ಲಿಂದ ನಾನು ಓದಿ ಮುಗಿಸ್ತೀನಿ, ದೇವರಾಣೆ" ಎಂದರು. ಅವಳು ಕೆಮ್ಮು ಬರುವಷ್ಟು ನಕ್ಕಳು. ಯಾಕೆಂದು ಕೇಳುವಷ್ಟರಲ್ಲಿ ನರ್ಸು ಬಂದು ಹೊರಗೆ ಕಳಿಸಿದಳು. ಆಮೇಲೆ ಎಂಟು ತಿಂಗಳು ಸ್ಲೇಟನ್ನಿಟ್ಟ ಡ್ರಾಯರು ಎಳೆಯಲು ಇವರಿಗೆ ಕೈ ಬರಲಿಲ್ಲ. ಎಳೆದಾಗ ಸ್ಲೇಟು ಸತ್ತಿತ್ತು. ಆಣೆ ಮಾತ್ರ ಹಾಗೇ ಇತ್ತು.

ಮೊಬೈಲ್ ರಿಪೇರಿಯ ಹೆಂಗಸು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಬ್ಯಾಟರಿ ಸತ್ತಿಲ್ಲ ತಾತ, ಹಸಿದಿದೆ ಅಷ್ಟೆ. ಪೂರ್ತಿ ಬರಿದಾದ್ರೆ ಹೀಗೇ. ಐದಾರು ಗಂಟೆ ಒಂದೇ ಸಮನೆ ಕರೆಂಟು ಕೊಡಿ. ಅಲ್ಲೀವರೆಗೆ ದೀಪಾನೂ ಬರಲ್ಲ. ಆಮೇಲೆ ನಲವತ್ತು ಎಣಿಸೋವರೆಗೂ ಈ ಗುಂಡಿ ಒತ್ತಿ ಹಿಡೀರಿ."

ಗಡಿಯಾರದವರು ಹಾಗೇ ಮಾಡಿದರು. ಮೂರು ದಿನ ಮಾಡಿದರು. ನಲವತ್ತಲ್ಲ, ನಾನೂರು ಎಣಿಸಿದರು. ಸ್ಲೇಟು ಜಪ್ಪಯ್ಯ ಅನ್ನಲಿಲ್ಲ.

ನಾಲ್ಕನೆಯ ದಿನ ಮತ್ತೆ ಸ್ಲೇಟಿನ ಹತ್ತಿರ ಬಂದಾಗ ಬಾಗಿಲ ಪಕ್ಕದ ಸ್ವಿಚ್ಚು ಆರಿರುವುದು ಕಣ್ಣಿಗೆ ಬಿತ್ತು. ಗುಮಾನಿ ನೇರ ನಾದಿನಿಯ ಮೇಲೆ ಹೋಯಿತು. ಹೆಂಡತಿಯ ತಂಗಿ, ಆಚೆ ಬೀದಿಯಲ್ಲೇ ಮನೆ, ದಿನಕ್ಕೆ ಎರಡು ಸಲ ಬಂದು ಇವರ ಅಡಿಗೆಮನೆಯ ಡಬ್ಬಿಗಳನ್ನು ಸಾಲು ಬದಲಿಸಿ ಹೋಗುವವಳು.

"ಸ್ವಿಚ್ಚು ಯಾಕಮ್ಮ ಆರಿಸ್ದೆ?"

"ನಾನಾ? ನಿಮ್ಮ ಸ್ವಿಚ್ಚಿನ ಗೊಡವೆ ನನಗ್ಯಾಕೆ ಭಾವ!"

"ಹಾಗಾದ್ರೆ ಗೋಡೆ ಹಲ್ಲಿ ಆರಿಸ್ತಾ?"

"ಹಲ್ಲಿನೋ ಯಾರೋ, ಇವತ್ತು ಹಿಡಿದುಬಿಡೋಣ" ಎಂದು ನಾದಿನಿ ಸ್ವಿಚ್ಚು ಒತ್ತಿ, ಅದರ ಎದುರಿಗೇ ಕುರ್ಚಿ ಹಾಕಿಕೊಂಡು, ಹೆಣಿಗೆಯ ಕಡ್ಡಿ ಹಿಡಿದು ಪಹರೆ ಕೂತಳು. ಇವರು ಮಂಚದ ಮೇಲೆ ಕೂತು ಅವಳನ್ನು ಕಾದರು. ಒಬ್ಬರ ಮೇಲೆ ಒಬ್ಬರಿಗೆ ಕಣ್ಣು. ಅರ್ಧ ಗಂಟೆ ಕಳೆಯಿತು. ಗಡಿಯಾರದವರಿಗೆ ಬಾಯಾರಿತು. ನೀರಿಗೆಂದು ಎದ್ದು ಬಾಗಿಲ ತನಕ ಹೋದರು.

"ಭಾವ! ಕೈ!"

ಬೆಚ್ಚಿ ನೋಡಿದರು. ಅವರ ಬಲಗೈ ಸ್ವಿಚ್ಚಿನ ಮೇಲಿತ್ತು. ಟಕ್ಕೆಂದು ಆರಿಸಿಯೂ ಆಗಿತ್ತು.

ಕೋಣೆ ಬಿಡುವಾಗ ಸ್ವಿಚ್ಚು ಆರಿಸಬೇಕು ಎಂಬುದು ಹೆಂಡತಿಯ ಕಟ್ಟಪ್ಪಣೆ. ನಲವತ್ತೆರಡು ವರ್ಷ ಬೈಸಿಕೊಂಡು ಕಲಿತ ಪಾಠ. ಅವಳು ಹೋದರೂ ಕೈಗೆ ಸುದ್ದಿ ಮುಟ್ಟಿರಲಿಲ್ಲ.

ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕ ಎಲ್ಲಿದ್ರೂ ನಿಮ್ಮನ್ನ ಬಿಡಲ್ಲ ಬಿಡಿ!" ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿದರು, ಅದರಲ್ಲಿ ಧೂಳೇನೂ ಇರಲಿಲ್ಲ. ಆಮೇಲೆ ಅವಳು ಸ್ವಿಚ್ಚು ಹಾಕಿ, ಅದರ ಮೇಲೆ ಅಂಟುಪಟ್ಟಿ ಮೆತ್ತಿ, ಭಾವನವರು ಎದ್ದಾಗಲೆಲ್ಲ "ಕೈ ಹಿಂದಕ್ಕೆ!" ಎಂದು ಗದರುತ್ತ ಕೂತಳು.

ಮಧ್ಯಾಹ್ನ ಮೂರರ ಸುಮಾರಿಗೆ ಅಂಚಿನಲ್ಲಿ ಸಾಸಿವೆಯಷ್ಟು ದೀಪ ಹತ್ತಿತು. ಗುಂಡಿ ಒತ್ತಿ ಇವರು ಮೂವತ್ತೆಂಟು ಎಣಿಸುವಷ್ಟರಲ್ಲಿ ಪರದೆ ಮಿನುಗಿತು. ಗಡಿಯಾರದವರು ಕೈಕಾಲು ತೊಳೆದು ಬಂದರು. ನಾದಿನಿ ತಲೆಯ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿದಳು. ಇವರು ಗಂಟಲು ಸರಿಮಾಡಿಕೊಂಡು, ಭಕ್ತಿಯಿಂದ, ಬಿಟ್ಟ ಪುಟವನ್ನು ಓದತೊಡಗಿದರು.

"ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಬಾಗಿಲಿಗೆ ಬೀಗ ಹಾಕಿದ. 'ಮಹನೀಯರೇ, ಜಮೀನ್ದಾರರ ಕುತ್ತಿಗೆಗೆ ಹಗ್ಗ ಬಿಗಿದವರು ಈ ಕೋಣೆಯಲ್ಲೇ ಇದ್ದಾರೆ...'"

ನಾದಿನಿ ಒಂದು ಕಣ್ಣು ತೆರೆದಳು. "ಭಾವ, ಇದು ಯಾವ ಪ್ರಾರ್ಥನೆ?"

ಇವರು ಪುಸ್ತಕಗಳ ಪಟ್ಟಿ ತೆರೆದರು. ನಲವತ್ತೊಂದು ಪುಸ್ತಕ. ನಲವತ್ತು ಕೊಲೆಯವು. ಪ್ರಾರ್ಥನೆಯ ಪುಸ್ತಕವೂ ಇತ್ತು, ಕಟ್ಟಕಡೆಯಲ್ಲಿ. ಅದರಲ್ಲಿ ಓದಿದ್ದು ಒಂದು ಪುಟ.

"ಹನ್ನೊಂದು ವರ್ಷ" ಎಂದರು ಗಡಿಯಾರದವರು, ಮೆಲ್ಲಗೆ. "ಹನ್ನೊಂದು ವರ್ಷ ನಾನೇ ಚಹಾ ಕಾಸಿಕೊಂಡೆ."

"ಅಯ್ಯೋ ಅಕ್ಕಾ! ನಮಗೆಲ್ಲ ಟೋಪಿ ಹಾಕಿದ್ಯಾ! ಮುಚ್ಚಿಡಿ ಭಾವ, ದೇವರಿಗೆ ಏನನ್ನಿಸೀತು?"

"ಆಣೆ ಇಟ್ಟಿದ್ದು ಅವನ ಮೇಲೇ ಅಲ್ವೇನಮ್ಮ. ಓದದೆ ಬಿಡೋ ಹಾಗಿಲ್ಲ."

ಬಿಟ್ಟ ಪುಟಕ್ಕೆ ಮರಳಿ ನೋಡಿದರೆ, ಅದರ ಅಂಚಿನಲ್ಲಿ ಅವಳೇ ಬರೆದ ಟಿಪ್ಪಣಿಯೊಂದಿತ್ತು: *ಕೊಂದವನು ತೋಟದ ಮಾಲಿ. ತಪ್ಪಿದರೆ ಒಂದು ವಾರ ಅವರ ಚಹಾ ನಾನೇ ಮಾಡುತ್ತೇನೆ.*

ಅದನ್ನು ಎರಡು ಸಲ ಓದಿದರು. ಮೂರನೆಯ ಸಲಕ್ಕೆ ಮತ್ತೆ ಮೊದಲಿನಿಂದ ಶುರುಮಾಡಿದರು. ನಾದಿನಿಯೇ ಸ್ಲೇಟನ್ನು ಕಿತ್ತುಕೊಂಡು, "ನನಗೆ ಅಡಿಗೆಯವಳ ಮೇಲೇ ಅನುಮಾನ" ಎನ್ನುತ್ತ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಉಳಿದದ್ದನ್ನು ಓದಿದಳು.

ಹನ್ನೆರಡನೆಯ ಪುಟದಲ್ಲಿ ಸಿಕ್ಕಿಬಿದ್ದವನು ಮಾಲಿಯಲ್ಲ, ಅಡಿಗೆಯವಳೂ ಅಲ್ಲ. ಡಾಕ್ಟರು.

ಅಂದು ಸಂಜೆಯ ಪ್ರಾರ್ಥನೆ ಎಂದಿಗಿಂತ ಉದ್ದವಾಯಿತು. ಕೊನೆಯಲ್ಲಿ ಗಡಿಯಾರದವರು ದನಿ ತಗ್ಗಿಸಿ, ದೇವರೊಬ್ಬನಿಗೇ ಕೇಳುವಂತೆ ಹೇಳಿದರು: "ಕೊಂದವನು ಯಾರೂಂತ ನೀನು ಅವಳಿಗೆ ಹೇಳ್ಬೇಡಪ್ಪ. ನಾನೇ ಬಂದು ಹೇಳ್ತೀನಿ, ಚಹಾ ಕುಡೀತಾ." ಸ್ವಲ್ಪ ತಡೆದು ಸೇರಿಸಿದರು: "ಅವಸರವೇನಿಲ್ಲ. ಇನ್ನೂ ಮೂವತ್ತೊಂಬತ್ತು ಕೊಲೆ ಓದೋದಿದೆ."